ಕರೆಯುವವರಿಲ್ಲದ ಬಾಳವ್ವ

ಬೀಸುವ ಕಲ್ಲಿನ ಬಾಯಿಗೆ ಒಂದು ಸಲಕ್ಕೆ ಹಾಕುವ ಜೋಳಕ್ಕೆ ನಮ್ಮ ಕಡೆ ಒಂದು ಹೆಸರಿತ್ತು ಮಗಾ. ತುತ್ತಲ್ಲ, ಬೊಗಸೆಯಲ್ಲ… ಮುಕ್ಕೋ ಏನೋ ಅಂತಿದ್ದರು. ನಾಲಿಗೆ ತುದಿಗೆ ಬಂದು ಕೂತಿದೆ, ಇಳಿಯುತ್ತಿಲ್ಲ. ಹೋಗಲಿ, ಒಂದು ಹಿಡಿ ಅಂತಲೇ ಇಟ್ಟುಕೋ. ಕಾಲು ಒಳಗೆ ಎಳೆದುಕೋ, ಹ್ಞೂಂ ಅನ್ನುತ್ತಿರು.

ಒಂದಾನೊಂದು ಕಾಲ, ಮನೆಗೊಂದು ಬೀಸುವ ಕಲ್ಲು, ಊರಿಗೊಂದು ದೇವರು ಇದ್ದ ಕಾಲ. ಕರಿಹುಣಸಿ ಅನ್ನುವ ಊರಲ್ಲಿ ಬಾಳವ್ವ ಅಂತ ಒಬ್ಬ ಹುಡುಗಿ ಇದ್ದಳಂತೆ. ಅಪ್ಪ ಅವ್ವ ಇಲ್ಲ, ಅಣ್ಣ ತಮ್ಮ ಇಲ್ಲ. ಆ ಊರ ದೇವರಿಗೂ ಗುಡಿಯಿಲ್ಲ, ಹುಣಸೆ ಮರದ ಬುಡದಲ್ಲಿ ಒಂದು ಲಿಂಗ, ಅಷ್ಟೆ. ಲಿಂಗದ ಎಡಗಡೆ ಒಂದು ಸೀಳು, ಸೀಳಿನಲ್ಲಿ ಒಂದು ಹಲ್ಲಿ. ಬಾಳವ್ವ ದಿನಾ ಬೆಳಿಗ್ಗೆ ಬಂದು, ಉದುರಿದ ಎಲೆ ಗುಡಿಸಿ, ಒಂದು ಚೊಂಬು ನೀರು ಹಾಕಿ, ಏನಪ್ಪಾ ಲಿಂಗಯ್ಯ, ಹಲ್ಲಿ ಕಚಗುಳಿ ಇಟ್ಟಿತೇನು ಅಂತ ಮಾತಾಡಿಸಿ ಹೋಗುತ್ತಿದ್ದಳಂತೆ. ಆಮೇಲೆ ದೊಡ್ಡವಳಾದಳು. ಊರವರೇ ಸೇರಿ ಏಳು ಹಳ್ಳದ ಆಚೆಗಿನ ತೊರೆಕೊಪ್ಪಕ್ಕೆ ಮದುವೆ ಮಾಡಿ ಕೊಟ್ಟರು. ಕೊಟ್ಟವರು ಮರೆತೇಬಿಟ್ಟರಂತೆ.

ಗಂಡ ಪಾಪದವನು, ಅವ್ವ ಹಾಕಿದ ಗೆರೆ ದಾಟುವವನಲ್ಲ. ಅತ್ತೆ ಸಾವಂತ್ರವ್ವನ ನಾಲಿಗೆ ಮಾತ್ರ ಮೆಣಸಿನಕಾಯಿ. ಮೊದಲನೇ ಪಂಚಮಿ ಬಂತು. ಪಂಚಮಿ ಅಂದರೆ ಸೊಸೆಯರೆಲ್ಲ ತವರಿಗೆ ಹೋಗುವ ಹಬ್ಬ. ಒಬ್ಬಳ ಅಣ್ಣ ಬಂಡಿ ಕಟ್ಟಿಕೊಂಡು ಬಂದ, ಇನ್ನೊಬ್ಬಳ ತಮ್ಮ ಎತ್ತಿಗೆ ಗೆಜ್ಜೆ ಕಟ್ಟಿಕೊಂಡು ಬಂದ, ಕೇರಿಗೆ ಕೇರಿಯೇ ಖಾಲಿ. ಬಾಳವ್ವ ಮೆಲ್ಲಗೆ, ಅತ್ತೀ, ನಾನೂ ಹೋಗಿಬರಲಾ ಅಂದಳಂತೆ. ಸಾವಂತ್ರವ್ವ, ಕರೆಯೋದಕ್ಕೆ ಯಾರು ಬಂದಾರೆ? ಕರೆಯದೆ ತವರಿಗೆ ಹೋದ ಹೆಣ್ಣು ಉಪ್ಪಿಲ್ಲದ ಸಾರು, ಯಾರೂ ಬಡಿಸಿಕೊಳ್ಳೋದಿಲ್ಲ ಅಂದಳಂತೆ. ಬಾಳವ್ವ ಕಲ್ಲಿನ ಮುಂದೆ ಕೂತಳು. ಒಂದು ಹಿಡಿ ಜೋಳ ಹಾಕಿದಳು, ಗೂಟ ಹಿಡಿದು ತಿರುಗಿಸಿದಳು. ಅಳು ಬರಬೇಕಿತ್ತು, ಪದ ಬಂತಂತೆ.

ಕಲ್ಲಿಗೆ ಒಂದೇ ಗೂಟ, ನನಗೆ ಎರಡೂರು,
ತಿರುಗಿ ತಿರುಗಿ ಎತ್ತ ನೋಡಲಿ ನಾ?
ಸೀಳಿನ ಹಲ್ಲಿಯ ಕೇಳು, ಹೇಳ್ಯಾತು ನಾ ಯಾರೆಂದು,
ಅಣ್ಣನಿಲ್ಲದವಳಿಗೆ ನೀನೆ ಅಣ್ಣನಾಗಿ ಬಾರೋ
ಹುಣಸೆಯಡಿಯ ಲಿಂಗಯ್ಯ.

ಎರಡನೇ ಪಂಚಮಿ ಬಂದಾಗ ಯಾರ ಕರೆಗೂ ಕಾಯಲಿಲ್ಲ. ನಸುಕಿನಲ್ಲೇ ಎರಡು ರೊಟ್ಟಿ ಕಟ್ಟಿಕೊಂಡು ಹೊರಟೇಬಿಟ್ಟಳಂತೆ. ಒಂದು ಹಳ್ಳ ದಾಟಿದಳು, ಎರಡು ದಾಟಿದಳು, ಮೂರನೆಯದು ದಡ ಮೀರಿ ಹರೀತಿತ್ತು. ಅಷ್ಟರಲ್ಲಿ ಗಂಡ ಓಡಿಬಂದು ಕೈ ಹಿಡಿದುಕೊಂಡ. ಮನೆಗೆ ಬಂದರೆ ಅತ್ತೆ ಹೊಸಿಲಲ್ಲೇ ನಿಂತಿದ್ದಳು. ಯಾರೇ ಕರೆದದ್ದು ನಿನ್ನ? ಲಿಂಗಯ್ಯ ಕರೆದ ಹಾಗಾಯಿತು ಅತ್ತೀ. ಆಹಾ, ಹಾಗಾದರೆ ಬಂಡಿ ಕಳಿಸು ಅನ್ನು ನಿನ್ನ ಲಿಂಗಯ್ಯನಿಗೆ!

ಆಮೇಲೆ ವರ್ಷದ ಮೇಲೆ ವರ್ಷ ಹೋಯಿತು. ಪದಗಳು ಮಾತ್ರ ಬರುತ್ತಲೇ ಇದ್ದವು. ಗೋಡೆ ಆಚೆಯವಳು ಕೇಳಿಸಿಕೊಂಡು ಹಾಡಿದಳು, ಅವಳ ಪಕ್ಕದವಳು ಕಲಿತಳು. ಬಾಳವ್ವನ ಪದ ಹಾಡಿದರೆ ಕಲ್ಲು ಹಗುರ ಅಂತ ಹೆಂಗಸರು ಮೊರ ಹೊತ್ತುಕೊಂಡು ಅವಳ ಮನೆಗೇ ಬಂದರು. ಹೀಗೆ ಒಬ್ಬಳು ಕಾಲಿಗೆ ಬಿದ್ದಳು, ಹತ್ತು ಜನ ಬಿದ್ದರು, ಶರಣೆ ಅಂದರು, ತಾಯಿ ಅಂದರು. ಸಾವಂತ್ರವ್ವ ಬಂದ ಕಾಯಿ ಒಳಗಿಡುತ್ತಾ, ನಾನೇ ತಿದ್ದಿದ ಸೊಸೆ ಅನ್ನುತ್ತಿದ್ದಳಂತೆ. ಊರ ಗೌಡ ಬಾಗಿಲ ಮುಂದೆ ಕಲ್ಲಿನ ಕಟ್ಟೆ ಕಟ್ಟಿಸಿ, ಇದರ ಮೇಲೆ ಕೂತು ದರ್ಶನ ಕೊಡು ತಾಯಿ ಅಂದ. ಬಾಳವ್ವ, ಕಟ್ಟೆ ಬೇಡ ಗೌಡ್ರೇ, ಒಂದು ಬಂಡಿ ಕೊಡಿ, ಕರಿಹುಣಸಿಗೆ ಹೋಗಿಬರ್ತೀನಿ ಅಂದಳು. ಗೌಡ ಕೈ ಮುಗಿದ. ಅದೊಂದು ಕೇಳಬೇಡ ತಾಯಿ, ನೀನು ಹೋದರೆ ನಮ್ಮೂರ ಬೆಳಕೇ ಹೋಗ್ತದೆ ಅಂದ. ಮೊದಲು ಸೊಸೆ ಅಂತ ಬಿಡಲಿಲ್ಲ, ಈಗ ದೇವರು ಅಂತ ಬಿಡಲಿಲ್ಲ. ಕಟ್ಟೆ ಮೇಲೆ ಕೂತೇ ಬಾಳವ್ವನ ಕೂದಲು ನರೆಯಿತಂತೆ. ಯಾರಾದರೂ ಕಾಲಿಗೆ ಬಿದ್ದರೆ, ಏಳು ಹಳ್ಳದಲ್ಲಿ ನೀರು ಎಷ್ಟಿದೆ ಅಂತ ಕೇಳುತ್ತಿದ್ದಳಂತೆ.

ಹೀಗಿರುವಾಗ ಪಕ್ಕದ ಮನೆಯ ಹುಡುಗಿ ಗುರಸಿದ್ದಿಗೆ ಮದುವೆಯಾಯಿತು. ಎಲ್ಲಿಗೆ ಅಂತೀಯ? ಕರಿಹುಣಸಿಗೇ! ಹೊಸ ಸೊಸೆ ಬೆಳಿಗ್ಗೆ ಎದ್ದು ಬೀಸೋಕೆ ಕೂತಳು, ತವರಲ್ಲಿ ಕಲಿತದ್ದೇ ಹಾಡಿದಳು. ಪೂಜಾರಿ ಭರಮಜ್ಜ ಬೀದಿಯಲ್ಲಿ ನೀರು ಹೊತ್ತು ಹೋಗುತ್ತಿದ್ದವನು ಅಲ್ಲೇ ನಿಂತನಂತೆ. ಎಲಾ ಮಗಳೇ, ನಿನ್ನೆ ಬಂದವಳು ನೀನು, ನಮ್ಮ ಲಿಂಗಯ್ಯನ ಹೆಸರು, ಸೀಳು, ಹಲ್ಲಿ ನಿನಗೆ ಯಾರು ಹೇಳಿದರು? ಗುರಸಿದ್ದಿ, ಇದು ಬಾಳವ್ವತಾಯಿ ಪದ ಅಜ್ಜಾ, ಕರೆಯೋಕೆ ಯಾರೂ ಬರಲಿಲ್ಲ ಅಂತ ಕೂತಿದ್ದಾಳೆ ಅಂದಳು. ಭರಮಜ್ಜನ ಕೊಡ ಜಾರಿತಂತೆ.

ಊರೆಲ್ಲ ಕೂಡಿತು. ಹೆಣ್ಣು ಕೊಟ್ಟು ಮರೆತವರು ನಾವು ಅಂತ ತಲೆ ತಗ್ಗಿಸಿದರು. ಹೋಗಿ ಕರೆಯೋಣ ಸರಿ, ಆದರೆ ಅಣ್ಣ ಅಂತ ಹೋಗುವವರು ಯಾರು? ಆಗ ಭರಮಜ್ಜ, ಅವಳು ನಮ್ಮನ್ನೆಲ್ಲಿ ಕರೆದಳು, ಅವನನ್ನಲ್ಲವಾ ಕರೆದದ್ದು ಅಂದು, ಹಬ್ಬಕ್ಕೆ ಲಿಂಗಕ್ಕೆ ಸುತ್ತುವ ಕೆಂಪು ರುಮಾಲು ತಂದು ಬಂಡಿಯ ಮುಂದಿನ ಜಾಗದಲ್ಲಿಟ್ಟ. ತಾನು ಹಿಂದೆ ಕೂತ.

ಪಂಚಮಿಯ ದಿನ ಬಂಡಿ ತೊರೆಕೊಪ್ಪಕ್ಕೆ ಬಂತು. ಗೌಡ ಅಡ್ಡ ನಿಂತ, ಊರು ಅಡ್ಡ ನಿಂತಿತು. ನಮ್ಮ ತಾಯಿಯನ್ನು ಬಿಡೋದಿಲ್ಲ, ಕರೆಯೋಕೆ ಅಣ್ಣ ಎಲ್ಲಿ ಬಂದಾನೆ ಅಂದರು. ಭರಮಜ್ಜ ರುಮಾಲು ತೋರಿಸಿದ. ಆಗ ಮುದುಕಿ ಸಾವಂತ್ರವ್ವ ಕೋಲು ಊರಿಕೊಂಡು ಹೊರಗೆ ಬಂದಳಂತೆ. ಸರೀರಿ ಆಚೆ! ಕರೆಯದೆ ಹೋಗಬಾರದು ಅಂದವಳು ನಾನು. ಕರೆದ ಮೇಲೆ ತಡೆಯೋದಕ್ಕೆ ನಿಮಗ್ಯಾರು ಹೇಳಿದರು? ಗೌಡಾ, ನಿನ್ನ ಹೆಂಡತಿ ತವರಿಗೆ ಹೋಗೋದಿಲ್ಲವೇನು? ಅಂತ ಗದರಿ, ಸೊಸೆಯ ಉಡಿಗೆ ಅಕ್ಕಿ, ಕಾಯಿ ಹಾಕಿ, ಇಷ್ಟು ವರ್ಷ ನೋಯಿಸಿದೆ ಮಗಳೇ, ಹೋಗಿಬಾ ಅಂದಳಂತೆ. ಅಂದು ಕಣ್ಣು ಒರೆಸಿಕೊಂಡಳಂತೆ.

ಬಾಳವ್ವ ಮರದ ಬುಡಕ್ಕೆ ಬಂದು ನಿಂತಳು. ಅಡ್ಡಬೀಳಲಿಲ್ಲ. ಅಣ್ಣಾ, ಇಷ್ಟು ಎಲೆ ಬಿದ್ದರೂ ನಾನು ನೆನಪಾಗಲಿಲ್ಲವಾ ಅಂತ ಜಗಳಕ್ಕೇ ಶುರುಮಾಡಿದಳಂತೆ. ಆಮೇಲೆ ಪೊರಕೆ ತಗೊಂಡಳು. ಅಂದಿನಿಂದ ವರ್ಷವರ್ಷವೂ ಪಂಚಮಿ ತಿಂಗಳೆಲ್ಲ ಅಲ್ಲೇ. ಅವಳು ತೀರಿಹೋದ ಮೇಲೂ ಕರಿಹುಣಸಿಯವರು ಪಂಚಮಿಗೆ ಖಾಲಿ ಬಂಡಿ ಕಟ್ಟಿ ಸುತ್ತಲ ಊರಿಗೆಲ್ಲ ಕಳಿಸುತ್ತಿದ್ದರಂತೆ. ಕರೆಯುವವರಿಲ್ಲದ ಹೆಣ್ಣು ಯಾರೇ ಇರಲಿ, ಹತ್ತಿ ಕೂತರೆ ಆಯಿತು, ಅವಳು ಆ ಊರ ಮಗಳು. ಹುಣಸೆ ಮರದಡಿ ಜೋಕಾಲಿ, ಉಂಡಿ, ಉಡಿ ತುಂಬ ಅಕ್ಕಿ. ಅವರೂ ಸುಖವಾಗಿದ್ದರು, ನಾವೂ ಹೀಗಿದ್ದೀವಿ, ಕತೆ ಮುಗೀತು.

ಏ, ನಿದ್ದೆ ಬಂತಾ? ಒಂದು ಗಳಿಗೆ ತಡಿ. ಆವತ್ತು ಮರದಡಿ ಅವಳೊಂದು ಪದ ಹಾಡಿದಳಂತೆ, ನಮ್ಮವ್ವ ಹೇಳುತ್ತಿದ್ದಳು.

ಬಾ ಅನ್ನದ ದಿನ ಅಂಗಳವೂ ದೂರ,
ಬಾ ಅಂದ ಮೇಲೆ ದೂರವೇ ಇಲ್ಲ.
ನಿನ್ನೊಂದು ಮಾತಿಗೆ ಏಳು ಹಳ್ಳ ಹಿಂಗ್ಯಾವು
ಹುಣಸೆಯಡಿಯ ಲಿಂಗಯ್ಯ.

ಇಲ್ಲಿ ಈ ಪದ ಬಲ್ಲವರು ನನ್ನ ಬಿಟ್ಟು ಯಾರೂ ಇಲ್ಲ ಮಗಾ. ಏಳು, ಲೈಟು ಹಾಕು, ನಿನ್ನ ನೋಟ್‌ಬುಕ್ಕು ತಗೋ. ನಾನು ನಿಧಾನಕ್ಕೆ ಹೇಳ್ತೀನಿ, ನೀನು ಬರೆದುಕೋ.