ಅಗಸಿ ಹೊರಗಿನ ಕೇಸಲಿ

ಕುಂದರ್ರಿ, ಎಲಿ ಅಡಿಕಿ ಬಾಯಾಗ ಇಟ್ಕೊಂಡು ಸುಮ್ಮ ಕೇಳ್ರಿ. ನಮ್ಮಜ್ಜನ ಅಜ್ಜ ಇನ್ನಾ ಹುಟ್ಟಿರಲಿಲ್ಲ, ಆವಾಗಿನ ಮಾತು. ಕರಿಕೋಟಿ ಅಂತ ಒಂದು ಊರು ಇತ್ತಂತ. ಈ ಕತಿ ಹೇಳೋ ಮಂದಿ ಈ ಸೀಮ್ಯಾಗ ಬಾಳ ಅದಾರ, ಆದ್ರ ಅವರು ಬಾಲ ಹೇಳತಾರ, ತಲಿ ಹೇಳೂದಿಲ್ಲ. ಪೂರಾ ಗೊತ್ತಿದ್ದಾಂವ ನಾ ಒಬ್ಬನ.

ಕರಿಕೋಟಿ ಮಣ್ಣು ಎಂಥಾದ್ದು ಅಂತೀರಿ? ಕಡ್ಡಿ ಚುಚ್ಚಿದ್ರ ತೆನಿ ಬಿಡೂವಂಥಾದ್ದು. ಜ್ವಾಳ ಬೆಳೀತಿತ್ತು, ಕಡ್ಲಿ ಬೆಳೀತಿತ್ತು, ಕುಸುಬಿ ಬೆಳೀತಿತ್ತು. ಉಪ್ಪು ಒಂದು ಬೆಳೀತಿರಲಿಲ್ಲ. ಉಪ್ಪು ಸಮುದ್ರದ ದಂಡಿಯಿಂದ ಬರಬೇಕು. ನಡುವ ಘಟ್ಟ, ಘಟ್ಟದಾಗ ಹುಲಿ. ಗಾಡಿ ಹತ್ತೂದಿಲ್ಲ, ಕುದುರಿ ಹತ್ತೂದಿಲ್ಲ. ಲಂಬಾಣಿ ಮಂದಿ ಎತ್ತಿನ ಬೆನ್ನ ಮ್ಯಾಲ ಹೇರಿಕೊಂಡು ತರ್ತಿದ್ರು. ರಾಜಗೋಳು ಕೋಟಿ ಕಟ್ಟಿದ್ರು, ಗುಡಿ ಕಟ್ಟಿದ್ರು, ಕಲ್ಲಿನ್ಯಾಗ ಹೆಸರು ಕೊರಸಿದ್ರು. ಅವರ ಗಂಗಾಳಕ್ಕ ಉಪ್ಪು ತಂದಾಕಿ ಹೆಸರು ಯಾವ ಕಲ್ಲಿನ್ಯಾಗೂ ಇಲ್ಲ. ಆಕಿ ಹೆಸರು ಕೇಸಲಿ.

ಕೇಸಲಿ ಗಂಡ ಆ ಎತ್ತಿನ ಸಾಲಿಗೆ ನಾಯಕ ಇದ್ದ. ಒಂದು ಮಳಿಗಾಲ ಘಟ್ಟದಾಗ ಕಾಲು ಜಾರಿ ಬಿದ್ದು ಹೋದ. ಅಳಾಕ ಕುಂತ್ರ ಎತ್ತು ನಿಲ್ತಾವು, ಎತ್ತು ನಿಂತ್ರ ಉಪ್ಪು ಕರಗತೈತಿ. ಕೇಸಲಿ ಕೈಯಾಗಿನ ದಂತದ ಬಳಿ ತಗದು ಗಂಡನ ಹೆಣದ ಮ್ಯಾಲ ಇಟ್ಲು, ಮುಂದಿನ ಎತ್ತಿನ ಹಗ್ಗ ಹಿಡದ್ಲು, ನಡದ್ಲು. ನಡಕೋತ ಅತ್ಲು ಅಂತಾರ.

ಹೆಣ್ಮಗಳು ಎತ್ತಿನ ಮುಂದ ಬಂದದ್ದು ಕಂಡು ಕರಿಕೋಟಿ ಗೌಡ ಹೊನ್ನಪ್ಪ ಅಗಸಿ ಬಾಗಲಾಗ ನಿಂತು ನಕ್ಕ. "ಏನವಾ, ನಿಮ್ಮಾಗ ಗಂಡಸ್ರು ತೀರಿಹೋದ್ರೇನು? ಹೆಂಗಸಿನ ಹಿಂದ ಎತ್ತು ಬರ್ತಾವೇನು?"

"ಎತ್ತು ಮೀಸಿ ನೋಡಿ ಬರೂದಿಲ್ಲರೀ ಗೌಡ್ರ," ಅಂದ್ಲು ಕೇಸಲಿ. "ನಿಮ್ಮ ಎತ್ತು ಬರ್ತಾವೇನು?"

ನೆರದ ಮಂದಿ ಹೊಟ್ಟಿ ಹಿಡ್ಕೊಂಡು ನಕ್ರಂತ. ಗೌಡನೂ ನಕ್ಕ. ಆದ್ರ ನಕ್ಕರ ಏನಾತು? ಉಪ್ಪು ಅಗಸಿ ಒಳಗ ಹೋತು, ತಂದಾಕಿ ಹೊರಗ ಉಳದ್ಲು. ಇವರ ಮಾತು ಬ್ಯಾರೆ, ಬಟ್ಟಿ ಬ್ಯಾರೆ, ನಮ್ಮವರಲ್ಲ ಅಂತಿತ್ತು ಊರು. ವರ್ಷಾ ವರ್ಷಾ ಹಂಗ. ಉಪ್ಪು ಒಳಗ, ಕೇಸಲಿ ಹೊರಗ.

ಕೇಸಲಿಗೆ ಒಬ್ಬಾಕೀನ ಮಗಳು, ಜಮಲಿ. ಆ ವರ್ಷ ಜಮಲಿ ತುಂಬಿದ ಬಸುರಿ. ಊರ ಸೂಲಗಿತ್ತಿ ಗುರವ್ವ ಹೊರಗ ಬಂದು ಹೊಟ್ಟಿ ಮುಟ್ಟಿ ನೋಡಿ, "ಕೂಸು ಅಡ್ಡ ಐತಿ. ಬ್ಯಾನಿ ಬಂದ ಕೂಡ್ಲೇ ನನ್ನ ಕರಿ, ಹೊತ್ತು ಮಾಡಬ್ಯಾಡ ತಂಗಿ," ಅಂದಿದ್ಲು. ಕೇಸಲಿ ಅದಕ್ಕಾಗೇ ಬ್ಯಾರೆ ಊರಿಗೆ ಹೋಗದ ಕರಿಕೋಟಿ ಅಗಸಿ ಮುಂದ ಬಿಡಾರ ಹೂಡಿದ್ಲು.

ಬ್ಯಾನಿ ಬಂದದ್ದು ಸೀಮಿ ಕಟ್ಟಿದ ದಿನ. ಊರಿಗೆ ರೋಗ ರುಜಿನ ಬರಬಾರ್ದು ಅಂತ ಬೆಳಗ್ಗೆ ಊರ ಸುತ್ತ ಅನ್ನ ಚೆಲ್ಲಿ ಸೀಮಿ ಕಟ್ಟತಿದ್ರು. ಕಟ್ಟಿದ ಮ್ಯಾಲ ಹೊತ್ತು ಮುಳುಗೂತನಕ ಒಳಗಿನವರು ಹೊರಗ ಇಲ್ಲ, ಹೊರಗಿನವರು ಒಳಗ ಇಲ್ಲ. ಯಾರರೆ ದಾಟಿದ್ರ ಊರಾಗಿನ ಕೂಸುಗೋಳು ಸಾಯ್ತಾವು ಅಂತ ನಂಬಿಕಿ.

ಕೇಸಲಿ ಬಾಗಲಾ ಬಡದ್ಲು. ಗುರವ್ವ ಒಳಗಿಂದ ಓಡಿ ಬಂದ್ಲು. ಗೌಡ ನಡುವ ನಿಂತ.

"ನಾ ಕಟುಕ ಅಲ್ಲವಾ," ಅಂದ ಗೌಡ. ಅವನ ಮನ್ಯಾಗೂ ತೊಟ್ಟಿಲದಾಗ ಮೊಮ್ಮಗ ಇದ್ದ. "ಕಟ್ಟು ಮುರದು ನಾಳೆ ಊರಾಗ ಕೂಸು ಸತ್ರ ಆ ತಾಯಂದ್ರಿಗೆ ಏನ ಹೇಳ್ಲಿ? ಸಂಜೀತನಕ ತಡಿ."

"ಗೌಡ್ರ, ತಡಿ ಅಂತ ಬ್ಯಾನಿಗೆ ನೀವ ಹೇಳ್ರಿ," ಅಂದ್ಲು ಕೇಸಲಿ.

ಬಾಗಲಾ ತೆರೀಲಿಲ್ಲ. ಗುರವ್ವ ಗ್ವಾಡಿಗೆ ಬಾಯಿ ಹಚ್ಚಿ ಒದರಾಕತ್ತಿದ್ಲು. "ಬೆನ್ನು ನೀವು ತಂಗಿ! ಎಡಕ್ಕ ಹೊಳ್ಳಿಸಿ ಮಲಗ್ಸು!" ಕೇಸಲಿ ಹಂಗ ಮಾಡಿದ್ಲು. "ಏನ ಕಾಣತೈತಿ?"

"ಕೈ ಕಾಣತೈತಿ ಅಕ್ಕಾ."

ಕೂಸಿನ ಕೈ ಮುಂದ ಬಂದ್ರ ಹೊಳ್ಳಿಸಬೇಕು. ಅದು ಬಾಯಿಲೆ ಹೇಳೂ ಕೆಲಸಲ್ಲ, ಗುರವ್ವನ ಕೈನ ಬೇಕು. ಆ ಕೈ ಆ ಕಡೆಯಿಂದ ಗ್ವಾಡಿ ಕೆರಕೋತ ನಿಂತಿತ್ತು. ಉಗುರು ಕಿತ್ತು ರಕ್ತ ಬಂತು ಅಂತಾರ.

ಹೊತ್ತು ಮುಳುಗಿ ಬಾಗಲಾ ತೆರದ್ರು. ಗುರವ್ವ ಎದ್ದು ಬಿದ್ದು ಓಡಿದ್ಲು. ಜಮಲಿ ತಣ್ಣಗ ಆಗಿದ್ಲು. ಕೂಸು ಹೊಟ್ಟ್ಯಾಗನ ಸತ್ತಿತ್ತು.

ಲಂಬಾಣಿ ಮಂದ್ಯಾಗ ಮದಿವಿಯಾಗಿ ಗಂಡನ ಮನಿಗೆ ಹೋಗೂ ಹುಡಿಗಿ ತಾಯಿ ಕೊರಳಿಗೆ ಬಿದ್ದು ಅಳೂ ಹಾಡು ಒಂದು ಐತಿ. ಕೇಸಲಿ ಅವತ್ತ ಮಗಳನ್ನ ಅಗಸಿ ಹೊರಗ ಮಣ್ಣು ಮಾಡಿ ಆ ಹಾಡು ಹಾಡಿದ್ಲು. ಮಗಳು ಹಾಡಬೇಕಾದ್ದು ತಾಯಿ ಹಾಡಿದ್ಲು. ಊರ ಹೆಣ್ಮಕ್ಕಳು ಮಾಳಗಿ ಹತ್ತಿ ಕೇಳಿದ್ರು. ಒಂದು ಮಾತೂ ತಿಳೀಲಿಲ್ಲ, ಒಬ್ಬಾಕೀದೂ ಕಣ್ಣು ಒಣಗಲಿಲ್ಲ.

ಮರುದಿನ ಎತ್ತು ಹೊಡಕೊಂಡು ಹೋದ್ಲು. ಇನ್ನ ಆಕಿ ಬರೂದಿಲ್ಲ ಅಂತು ಊರು. ಮಳಿಗಾಲ ಹೋತು, ಚಳಿಗಾಲ ಬಂತು. ಗಡಿಗ್ಯಾಗ ಉಪ್ಪು ತೀರಿತು. ದನ ಗ್ವಾಡಿ ನೆಕ್ಕಿದ್ವು ಅಂತಾರ. ಮಂದಿ ಸಪ್ಪನ ರೊಟ್ಟಿ ಬಾಯಾಗ ಇಟ್ಕೊಂಡು, ನುಂಗಲಾರದ ಒಬ್ಬರ ಮಾರಿ ಒಬ್ಬರು ನೋಡ್ತಿದ್ರು ಅಂತಾರ. ಉಪ್ಪು ತಾರವಾ ಅಂತ ಯಾವ ಬಾಯಿಲೆ ಅನ್ಬೇಕು?

ಅತ್ತ ಸಮುದ್ರದ ದಂಡ್ಯಾಗ ಕೇಸಲಿ ಉಪ್ಪು ಹೇರಿ ನಿಂತಿದ್ಲು. "ಬ್ಯಾರೆ ಸೀಮಿಗೆ ಹೋಗೂನು, ಅಲ್ಲಿ ಊರಿಗೇನು ಬರಾ ಐತಿ? ಆ ಸುಡಗಾಡ ಕರಿಕೋಟಿ ಬ್ಯಾಡ," ಅಂದ್ರು ಆಕಿ ಮಂದಿ. ಕೇಸಲಿ ಹೊಟ್ಟ್ಯಾಗೂ ಬೆಂಕಿ ಇತ್ತು. ಆದ್ರ ಹಗ್ಗ ಹಿಡದು ಅಂದ್ಲು, "ನನ್ನ ಮಗಳು ಅದ ಮಣ್ಣಾಗ ಅದಾಳ. ಆಕಿ ಇರೂ ಊರು ಸಪ್ಪಗ ಉಣ್ಣಬಾರ್ದು."

ಘಟ್ಟದಾಗ ಅಕಾಲ ಮಳಿ ಹಿಡೀತು. ಕೇಸಲಿ ತನ್ನ ಕಂಬಳಿ ತಗದು ಉಪ್ಪಿನ ಮ್ಯಾಲ ಹೊಚ್ಚಿದ್ಲು, ಉಳದವರೂ ಹೊಚ್ಚಿದ್ರು. ತಾವು ತೊಯ್ಸಿಕೊಂಡು ಉಪ್ಪು ಒಣಾ ತಂದ್ರು. ಮಳೀನ ನಾಚಿ ನಿಂತಿತು ಅಂತಾರ ಕೆಲವರು. ನಿಲ್ಲಲಿಲ್ಲ, ನಾ ಹೇಳ್ತೀನಿ ಕೇಳ್ರಿ. ಮಳಿಗೆ ಎಲ್ಲಿ ನಾಚಿಕಿ? ಆಕಿ ಕೆಮ್ಮಿಕೋತನ ಘಟ್ಟ ಹತ್ತಿದ್ಲು.

ಕರಿಕೋಟಿ ಅಗಸಿ ಬಾಗಲಾ ಹಾರು ಹೊಡದು ತೆರದಿತ್ತು. ಹೊನ್ನಪ್ಪಗೌಡ ಬರಿಗಾಲಿಲೆ ಹೊರಗ ಬಂದು, ರುಮಾಲು ತಗದು, "ಒಳಗ ಬಾ ನಮ್ಮವ್ವಾ," ಅಂದ.

"ಮಗಳು ಹೊರಗ ಅದಾಳ್ರೀ ಗೌಡ್ರ," ಅಂದ್ಲು ಕೇಸಲಿ. "ನಾ ಒಳಗ ಬಂದು ಏನ ಮಾಡ್ಲಿ?"

ಬಾಗಲಾ ದಾಟಲಿಲ್ಲ. ಎಲ್ಲಾರಿಗೂ ಉಪ್ಪು ಅಳದ್ಲು. ಆಮ್ಯಾಲ ವರ್ಷಾ ವರ್ಷಾ ತಂದ್ಲು, ವರ್ಷಾ ವರ್ಷಾ ಹೊರಗ ಕುಂತ್ಲು. ಆ ಕೆಮ್ಮು ಆಕೀನ ಬಿಡಲಿಲ್ಲ. ಒಂದು ವರ್ಷ ಎತ್ತು ಬಂದ್ವು, ಹಗ್ಗ ಬ್ಯಾರೆಯವರ ಕೈಯಾಗ ಇತ್ತು. ಊರು ಅವತ್ತ ಒಲಿ ಹಚ್ಚಲಿಲ್ಲ.

ಈಗ ಉಪ್ಪು ಅಂಗಡ್ಯಾಗ ಸಿಗತೈತಿ. ಆದ್ರೂ ಕರಿಕೋಟಿ ಹೆಣ್ಮಕ್ಕಳು ಹೊಸಾ ಗಡಿಗಿಗೆ ಉಪ್ಪು ತುಂಬೂಮುಂದ ಆ ಹಾಡಿನ ಒಂದು ಸಾಲು ಅಂತಾರ. ಲಂಬಾಣಿ ಮಾತು, ಅರ್ಥ ಕೇಳಿದ್ರ ಒಬ್ಬಾಕಿಗೂ ಗೊತ್ತಿಲ್ಲ. ಅಂದು ಸೆರಗಿಲೆ ಕಣ್ಣು ಒರಸ್ಕೋತಾರ.

ಸೀಮಿ ಇನ್ನಾ ಕಟ್ಟತಾರ. ಆದ್ರ ಸೂಲಗಿತ್ತಿಗೆ ಆ ಕಟ್ಟು ಇಲ್ಲ. ಅವತ್ತ ಬೆಳಗ್ಗೆ ಆಕಿ ಬಿಸಿನೀರು, ಎಣ್ಣಿ, ಹಳೀ ಸೀರಿ ತಗೊಂಡು ಅಗಸಿ ಹೊರಗ ಹೋಗಿ ಕುಂದರತಾಳ. ಯಾರೂ ಬರೂದಿಲ್ಲ. ನೀರು ಆರತೈತಿ, ಮತ್ತ ಕಾಸತಾಳ. ಹೊತ್ತು ಮುಳುಗೂತನಕ ಹಂಗ ಕಾಸಿಕೋತ ಕುಂದರತಾಳ.