ಗುರಿಯ ಬೆನ್ನಿಗಿಟ್ಟ ಬಾಗಿಲು

"ಬುದ್ಧೀ, ಈಗೀಗ ನನಗೆ ಯಾವುದೂ ನಾಟುವುದಿಲ್ಲ. ವೈರಾಗ್ಯ ಅಂದರೆ ಇದೇನಾ?" ಎಂದು ಗುರುಮಲ್ಲ ಗುರುಗಳನ್ನು ಕೇಳಿದ.

ಗುರುಮಲ್ಲ ಮಠ ಸೇರಿ ಕೆಲವು ವರ್ಷಗಳಾಗಿದ್ದವು. ಆ ದಿನ ಬೆಳಿಗ್ಗೆ ಅವನ ತಂಗಿ ಊರಿನಿಂದ ನಡೆದು ಬಂದು, ತಾಯಿ ತೀರಿಕೊಂಡ ಸುದ್ದಿ ಹೇಳಿದ್ದಳು. ಅವನು ಪೂಜೆಯ ಹೂ ಬಿಡಿಸುವುದನ್ನು ನಿಲ್ಲಿಸದೆಯೇ ಕೇಳಿಸಿಕೊಂಡಿದ್ದ. "ಅವಳ ಕಾಲ ಮುಗಿದಿತ್ತು. ನೀನು ಹೊರಡು" ಎಂದಷ್ಟೇ ಹೇಳಿದ್ದ. ಕಣ್ಣು ಒದ್ದೆಯಾಗಲಿಲ್ಲ. ಇದನ್ನೆಲ್ಲ ಗುರುಗಳಿಗೆ ವರದಿ ಒಪ್ಪಿಸುವಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಗುರುಗಳು ಶಹಬ್ಬಾಸ್ ಎನ್ನುತ್ತಾರೆಂದು ಕಾದ.

ಗುರುಗಳು ಹಾಗೇನೂ ಅನ್ನಲಿಲ್ಲ. "ಕೂತುಕೋ" ಎಂದು ಹೇಳಿ ಈ ಕತೆ ಶುರುಮಾಡಿದರು.

ಕಾಡಿನ ಅಂಚಿನ ಒಂದು ಊರಿನಲ್ಲಿ ಒಬ್ಬ ಕೋವಿಗಾರನಿದ್ದ. ಬೆಳೆಗೆ ನುಗ್ಗುವ ಹಂದಿಗಳನ್ನು ಹೊಡೆಯುವುದು ಅವನ ಕೆಲಸ. ಸೀಸ ಕರಗಿಸಿ ಗುಂಡು ಎರೆಯುವವನೂ ಅವನೇ, ಹೊಡೆಯುವವನೂ ಅವನೇ. ಕೈ ಪಳಗಿರಬೇಕೆಂದು ದಿನವೂ ಮುಸ್ಸಂಜೆಗೆ ಮನೆಯ ಕೆಳಗಿನ ಬಯಲಿನಲ್ಲಿ ಗುರಿ ಕಟ್ಟಿ ಹೊಡೆಯುತ್ತಿದ್ದ. ಮನೆ ದಿಣ್ಣೆಯ ಮೇಲಿತ್ತು. ಅವನು ಮನೆಗೆ ಬೆನ್ನು ಮಾಡಿ, ಕಾಡಿಗೆ ಮುಖ ಮಾಡಿ ನಿಲ್ಲುತ್ತಿದ್ದ.

ಗುರಿ ಎಂದರೆ ಒಂದು ತುಂಡು ಬಿಳಿ ಬಟ್ಟೆ, ಅದರ ನಡುವೆ ಇದ್ದಿಲಿನ ಬೊಟ್ಟು. ಬಟ್ಟೆ ಹರಿದರೆ ಇನ್ನೊಂದು ಕಟ್ಟಿದರಾಯಿತು. ಅವನಿಗೆ ತಲೆನೋವಾಗಿದ್ದು ಬಟ್ಟೆಯ ಹಿಂದೆ ಏನನ್ನು ನಿಲ್ಲಿಸಬೇಕು ಎಂಬುದು. ಮೊದಲು ರಾಗಿಹುಲ್ಲನ್ನು ಬಿಗಿಯಾಗಿ ಕಟ್ಟಿ ನಿಲ್ಲಿಸಿದ. ಹುಲ್ಲು ಗುಂಡುಗಳನ್ನು ನುಂಗಿಕೊಂಡಿತು, ಒಂದು ಮಳೆಗೆ ಕೊಳೆತುಹೋಯಿತು. ಗೋಣಿಚೀಲಕ್ಕೆ ಮರಳು ತುಂಬಿ ಇಟ್ಟ. ಮರಳೂ ಗುಂಡುಗಳನ್ನು ನುಂಗಿಕೊಂಡಿತು, ಆದರೆ ತೂತುಗಳಿಂದ ಸೋರಿ ಸೋರಿ ಚೀಲ ಜೋತುಬಿತ್ತು. ಹಲಸಿನ ಹಲಗೆ ತಂದ. ಅದು ಕೆಲವು ದಿನ ತಡೆದುಕೊಂಡು, ಆಮೇಲೆ ಸೀಳಿತು. ಹೊಡೆಯುವುದಕ್ಕಿಂತ ದುರಸ್ತಿ ಮಾಡುವುದೇ ಹೆಚ್ಚಾಗಿ, ಅವನಿಗೆ ಸಾಕುಸಾಕಾಗಿ ಹೋಯಿತು.

ಹೆಂಡತಿ ಹೇಳಿದಳು: "ಏಟು ತಿನ್ನೋದೇ ಅದರ ಕೆಲ್ಸ ಅಲ್ವಾ? ತಿಂದ್ಮೇಲೆ ಸವೀತದೆ. ಇನ್ನೊಂದು ಕಟ್ಟಿ, ಅದಕ್ಯಾಕೆ ಸಿಟ್ಟು?"

"ನಂಗೆ ಸವೀದೇ ಇರೋದು ಬೇಕು" ಎಂದ ಅವನು.

ಹುಡುಕಿದ, ಸಿಕ್ಕಿತು. ಊರಾಚೆ ಒಂದು ಕೆರೆ ಒಡೆದು ಬಹಳ ಕಾಲವಾಗಿತ್ತು. ನೀರಿಲ್ಲದ ತೂಬಿಗೆ ಕಬ್ಬಿಣದ ಬಾಗಿಲೊಂದು ಹಾಗೆಯೇ ಅಂಟಿಕೊಂಡು ನಿಂತಿತ್ತು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಏಕೆ ಮುಟ್ಟಬಾರದು ಎಂದು ಹೇಳಬಲ್ಲವರೂ ಊರಿನಲ್ಲಿ ಉಳಿದಿರಲಿಲ್ಲ. ಕೋವಿಗಾರ ಅದನ್ನು ಕಿತ್ತು, ಗಾಡಿಯಲ್ಲಿ ಹೇರಿಕೊಂಡು ಬಂದು, ಬಯಲಿನಲ್ಲಿ ಸ್ವಲ್ಪ ಹಿಂದಕ್ಕೆ ವಾಲಿಸಿ ನಿಲ್ಲಿಸಿದ. ಮೇಲೆ ಬಟ್ಟೆ ಕಟ್ಟಿ ಮೊದಲ ಈಡು ಹೊಡೆದ.

ಬಾಗಿಲು ಗಂಟೆಯಂತೆ ಸದ್ದು ಮಾಡಿತು. ಅವನ ತಲೆಯ ಮೇಲೆ ಒಂದು ಜೀರುಂಡೆ ಹಾರಿಹೋದ ಹಾಗಾಯಿತು. ಹತ್ತಿರ ಹೋಗಿ ನೋಡಿದರೆ ಬಟ್ಟೆಯಲ್ಲಿ ತೂತಿತ್ತು, ಕಬ್ಬಿಣದ ಮೇಲೆ ಗೀರೂ ಇರಲಿಲ್ಲ. ಬೂದು ಬಣ್ಣದ ಕಲೆಯೊಂದು ಹತ್ತಿತ್ತು, ಬೆರಳಿನಿಂದ ಒರೆಸಿದರೆ ಅದೂ ಹೋಯಿತು. ಅವನು ಹಿಗ್ಗಿಹೋದ. ಗುಂಡು ಎಲ್ಲಿ ಹೋಯಿತು ಎಂದು ಮಾತ್ರ ಯೋಚಿಸಲಿಲ್ಲ.

ಆ ಊರಿನ ಕೋವಿಗಾರರಲ್ಲಿ ಒಂದು ಕಟ್ಟಳೆಯಿತ್ತು. ಈಡು ಹೊಡೆದ ಮೇಲೆ ಹಿಂದಕ್ಕೆ ತಿರುಗಬಾರದು. ಕೊಂದ ಪ್ರಾಣಿಗಳೆಲ್ಲ ಕೋವಿಯ ಸದ್ದಿಗೆ ಎದ್ದು ಬಂದು ಬೆನ್ನ ಹಿಂದೆ ನಿಲ್ಲುತ್ತವೆ, ತಿರುಗಿ ನೋಡಿದವನ ಮನೆಯೊಳಗೆ ಬರುತ್ತವೆ ಎಂದು ಅವರ ನಂಬಿಕೆ. ಅದಕ್ಕೇ ಅವರು ಮುಂದೆ ಹೋಗಿ ಗುರಿ ಬಿಚ್ಚಿಕೊಂಡು, ಹಾಗೆಯೇ ಹೊಳೆಯ ದಾರಿ ಹಿಡಿದು, ಸುತ್ತು ಹಾಕಿ ಮನೆ ಸೇರುತ್ತಿದ್ದರು. ಈ ಕೋವಿಗಾರನೂ ಕಟ್ಟಳೆ ಮೀರಿದವನಲ್ಲ.

ಬಾಗಿಲು ಬಂದ ಮೇಲೆ ಮನೆಯಲ್ಲಿ ಏನೋ ಶುರುವಾಯಿತು. ಸೂರಿನ ಹೆಂಚುಗಳು ತಾವಾಗಿಯೇ ಒಡೆದವು. ಅಂಗಳದಲ್ಲಿ ಕೋಳಿಯೊಂದು ಸತ್ತು ಬಿದ್ದಿತ್ತು, ಹಲ್ಲಿನ ಗುರುತಿರಲಿಲ್ಲ. ಕಾಗೆಗಳು ಮಾಡಿನ ಮೇಲೆ ಕೂರುವುದನ್ನು ಬಿಟ್ಟವು. ಬೆಳಕು ಇಳಿಯುತ್ತಿದ್ದಂತೆ ನಾಯಿ ಮಂಚದ ಕೆಳಗೆ ಸೇರಿಕೊಂಡು, ಎಷ್ಟು ಕರೆದರೂ ಹೊರಗೆ ಬರುತ್ತಿರಲಿಲ್ಲ. ಅಕ್ಕಪಕ್ಕದವರು ಮಾಟ ಎಂದರು. ಹೊಸ್ತಿಲಿಗೆ ನಿಂಬೆಹಣ್ಣು ಕಟ್ಟಿಸಿದರು. ಮಾರನೆಯ ದಿನ ನಿಂಬೆಹಣ್ಣು ಇದ್ದಲ್ಲೇ ಛಿದ್ರವಾಗಿತ್ತು.

ಹೆಂಡತಿ ಹೇಳಿದಳು: "ಮುಸ್ಸಂಜೆ ಆಯ್ತು ಅಂದ್ರೆ ಯಾರೋ ಮನೆಗೆ ಕಲ್ಲು ಹೊಡೀತಾವ್ರೆ. ನೋಡಿದ್ರೆ ಯಾರೂ ಕಾಣಾಕಿಲ್ಲ. ನಿಮ್ಮ ಈಡಿನ ಹಿಂದೇನೇ ಬೀಳ್ತವೆ. ಒಂದೇ ಒಂದ್ಸಲ ತಿರುಗಿ ನೋಡಿ, ನಂಗೆ ಭಯ ಆಗ್ತದೆ."

"ತಿರುಗಿದ್ರೆ ಕೆಟ್ವು ಕಣೆ. ನಾನು ಹೊಡೆದಿದ್ದಕ್ಕೆ ಆ ಸತ್ತ ಪ್ರಾಣಿಗಳು ಜವಾಬು ಕೊಡ್ತಾವೆ. ಹೆದರಬ್ಯಾಡ, ನನ್ನ ಕೋವಿಗೆ ಅವು ಸೋಲಲೇಬೇಕು" ಎಂದ.

ಹೆಂಡತಿ ಎಂದರೆ ಅವನಿಗೆ ಪ್ರಾಣ. ಅವಳ ಭಯ ನೋಡಲಾರದೆ ಅಂದಿನಿಂದ ಒಂದರ ಬದಲು ಹಲವು ಈಡು ಹೊಡೆಯತೊಡಗಿದ. ಮದ್ದು ಹೆಚ್ಚು ತುಂಬಿದ. ಬಾಗಿಲು ಪ್ರತಿ ಈಡಿಗೂ ಗಂಟೆಯಂತೆ ಸದ್ದು ಮಾಡುತ್ತಿತ್ತು. ಪ್ರತಿ ಸಲವೂ ತಲೆಯ ಮೇಲೆ ಏನೋ ಗುಂಯ್ಯೆಂದು ಹಾರಿಹೋಗುತ್ತಿತ್ತು. ಅವನು ಹಲ್ಲು ಕಚ್ಚಿಕೊಂಡು ಮತ್ತೆ ಮದ್ದು ತುಂಬುತ್ತಿದ್ದ, ಮನೆಯನ್ನು ಕಾಯುತ್ತಿದ್ದೇನೆ ಎಂದುಕೊಂಡೇ.

ಒಂದು ಸಂಜೆ ಕೊನೆಯ ಈಡಿನ ಸದ್ದು ಅಡಗಿದ ಮೇಲೆ, ಹಿಂದೆ ಯಾರೋ ಮೆಲ್ಲನೆ ಕುಳಿತಂತೆ ಕೇಳಿಸಿತು. ಆಮೇಲೆ ಏನೂ ಇಲ್ಲ. ಅವನು ತಿರುಗಲಿಲ್ಲ. ಮುಂದೆ ಹೋಗಿ ಬಟ್ಟೆ ಬಿಚ್ಚಿದ. ಗುಂಡುಗಳೆಲ್ಲ ಬೊಟ್ಟಿನಲ್ಲೇ ತೂರಿಹೋಗಿದ್ದವು. ಅಷ್ಟು ಚೆನ್ನಾಗಿ ಅವನು ಎಂದೂ ಹೊಡೆದಿರಲಿಲ್ಲ. ಹೆಂಡತಿಗೆ ತೋರಿಸಬೇಕೆಂದು ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಹೊಳೆಯ ದಾರಿ ಹಿಡಿದ.

ಮನೆಯಲ್ಲಿ ದೀಪ ಹಚ್ಚಿರಲಿಲ್ಲ. ಅವಳು ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದಳು. ಕರೆದ, ಓಗೊಡಲಿಲ್ಲ. ದೀಪ ಹಚ್ಚಿ ತಂದು ಮುಖಕ್ಕೆ ಹಿಡಿದ. ಹಣೆಯ ಕುಂಕುಮ ಮೂಗಿನ ಮೇಲೆ ಇಳಿದಿದೆ ಎಂದುಕೊಂಡ. ಅದು ಕುಂಕುಮವಾಗಿರಲಿಲ್ಲ.

ಅವಳ ಮಡಿಲಿನ ತುಂಬ ಕಲ್ಲುಗಳಿದ್ದವು. ದಿನವೂ ಅಂಗಳದಲ್ಲಿ ಬಿದ್ದದ್ದನ್ನು ಆಯ್ದು ಇಟ್ಟುಕೊಂಡಿದ್ದಳು, ಇವತ್ತಾದರೂ ಗಂಡನಿಗೆ ತೋರಿಸೋಣವೆಂದು ಕಾದಿದ್ದಳು. ಅವನು ಒಂದನ್ನು ಎತ್ತಿಕೊಂಡು ಹತ್ತಿದ ಮಣ್ಣು ಒರೆಸಿದ. ಚಪ್ಪಟೆಯಾದ ಸೀಸ. ಇನ್ನೊಂದನ್ನು ಒರೆಸಿದ. ಎಲ್ಲವೂ ಅವನೇ ಕುಳಿತು ಎರೆದ ಗುಂಡುಗಳು.

ಆಗ ಅವನು ಕಟ್ಟಳೆ ಮುರಿದು ಹಿಂದಕ್ಕೆ ತಿರುಗಿ ಬಯಲನ್ನು ನೋಡಿದ. ಕೊಂದ ಯಾವ ಪ್ರಾಣಿಯೂ ಅಲ್ಲಿ ನಿಂತಿರಲಿಲ್ಲ. ತೂಬಿನ ಬಾಗಿಲೊಂದೇ ಆ ಮಬ್ಬಿನಲ್ಲಿ ಮನೆಯ ಕಡೆಗೆ ಮುಖಮಾಡಿ ನಿಂತಿತ್ತು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಗುರುಮಲ್ಲ ಕೇಳಿದ: "ಆಮೇಲೆ ಅವನೇನು ಮಾಡಿದ ಬುದ್ಧೀ?"

"ಅವನ ಮಾತು ಹಾಗಿರಲಿ, ಬೆಳಿಗ್ಗೆ ನಿನಗೆ ನಾಟದ ಸುದ್ದಿ ಹೊತ್ತು ನಿನ್ನ ತಂಗಿ ಹೇಗೆ ಹೋದಳು ಗುರುಮಲ್ಲ, ತಿರುಗಿ ನೋಡಿದೆಯಾ?" ಎಂದರು ಗುರುಗಳು.

ಗುರುಮಲ್ಲ ಎದ್ದು, ತಂಗಿ ಹೋದ ದಾರಿಯ ಕಡೆಗೆ ತಿರುಗಿದ.