ಹೊಳೆ ಮೊದಲ ಸಲ ತಿರುಗಿದ್ದು

ಲೋಕದ ಮಣ್ಣು ಇನ್ನೂ ಒಣಗಿರದ ಕಾಲ ಅದು. ಆಗ ಇದ್ದದ್ದು ಒಂದೇ ಹುಲಿ, ಒಂದೇ ಜಿಂಕೆ, ಒಂದೇ ಬುಡ ಗರಿಕೆ. ಯಾವುದೊಂದು ಅಳಿದರೂ ಮತ್ತೆ ಹುಟ್ಟುವುದಿಲ್ಲ.

ಆಗಿನ ಹೊಳೆಗೆ ಮುಂದೆ ಓಡುವುದೊಂದೇ ಗೊತ್ತಿತ್ತು. ಒಂದು ಮುಂಜಾನೆ ಅದು ಉಕ್ಕಿ ಈಚೆ ದಡವನ್ನು ನುಂಗತೊಡಗಿತು. ಸಂಜೆಯೊಳಗೆ ಮೂವರನ್ನೂ ಆಚೆ ದಾಟಿಸಬೇಕು. ದಾಟಿಸುವವಳು ಅಂಬಿಗರ ಬೆಳ್ಳವ್ವ. ಅವಳ ಬಿದಿರಿನ ಹರಿಗೋಲಿನಲ್ಲಿ ಅವಳ ಜೊತೆ ಇನ್ನೊಬ್ಬರಿಗಷ್ಟೇ ಜಾಗ.

"ಮೊದಲು ಗರಿಕೆ ಒಯ್ಯಿ ಅವ್ವಾ," ಅಂದಿತು ಹುಲಿ. "ಜಿಂಕೆಯನ್ನು ನಾನು ನೋಡಿಕೊಳ್ಳುತ್ತೇನೆ. ನನ್ನ ಮೇಲೆ ನಂಬಿಕೆಯಿಲ್ಲವೇ?"

"ನಿನ್ನನ್ನು ನಂಬುತ್ತೇನೆ ಮಗಾ. ನಿನ್ನ ಹೊಟ್ಟೆಯನ್ನು ಹೇಗೆ ನಂಬಲಿ?"

ಗರಿಕೆಯ ಪಕ್ಕ ಜಿಂಕೆಯನ್ನು ಬಿಟ್ಟರೂ ಅದೇ ಕತೆ.

ಬೆಳ್ಳವ್ವ ಮೊದಲು ಜಿಂಕೆಯನ್ನು ದಾಟಿಸಿದಳು. ಒಬ್ಬಳೇ ಮರಳಿ ಬಂದು ಗರಿಕೆಯನ್ನು ದಾಟಿಸಿದಳು. ಗರಿಕೆಯನ್ನು ಇಳಿಸಿದವಳೇ ಜಿಂಕೆಯನ್ನು ಮತ್ತೆ ಹರಿಗೋಲಿಗೆ ಹತ್ತಿಸಿಕೊಂಡಳು.

"ನಾನೇನು ತಪ್ಪು ಮಾಡಿದೆ ಅವ್ವಾ?" ಜಿಂಕೆ ನಡುಗಿತು.

"ಏನೂ ಇಲ್ಲ ಕಂದಾ. ಬಾ."

ನಡುನೀರಿನಲ್ಲಿ ಹೊಳೆ ನಕ್ಕಿತು. "ಏನೇ ಮುದುಕಿ, ದಾಟಿಸಿದ್ದನ್ನೇ ವಾಪಸು ತರುತ್ತೀಯಾ? ಅರಳುಮರಳೇ?"

ಭಾರದ ಹರಿಗೋಲು ಸೆಳವಿಗೆ ಸಿಕ್ಕಿ ಜಾರತೊಡಗಿತು. ಬೆಳ್ಳವ್ವನ ತೋಳು ಸೋತವು. ಈಚೆ ದಡದ ಹುಲಿ ದೂರವಾಗುತ್ತಲೇ ಹೋಯಿತು. ನೀರು ಅದರ ಮೊಣಕಾಲಿಗೆ ಬಂದಿತ್ತು.

"ಹೊಳೆಯವ್ವಾ, ಇದನ್ನು ಈಚೆ ಬಿಟ್ಟು ಹುಲಿಯನ್ನು ಒಯ್ಯುತ್ತೇನೆ. ಹುಲಿ ಗರಿಕೆ ಮುಟ್ಟುವುದಿಲ್ಲ. ಕೊನೆಗೆ ಬಂದು ಇದನ್ನು ಒಯ್ಯುತ್ತೇನೆ. ಒಮ್ಮೆ ಹಿಂದಕ್ಕೆ ಬರದಿದ್ದರೆ ಮೂವರೂ ದಾಟುವುದಿಲ್ಲ ಕಣೇ."

ಬೆಟ್ಟದಲ್ಲಿ ಹುಟ್ಟಿದಂದಿನಿಂದ ಹೊಳೆ ಎಂದೂ ಹಿಂದೆ ನೋಡಿರಲಿಲ್ಲ. ಹಿಂದಕ್ಕೆ ಹೋಗಿಯೂ ಮುಂದೆ ಸಾಗಬಹುದೇ?

ಗಾಳಿ ನಿಂತಿತು. ಒಂದೆಲೆಯೂ ಅಲುಗಲಿಲ್ಲ.

ಆಮೇಲೆ ದಡದಂಚಿನ ನೀರು ಮೆಲ್ಲಗೆ, ಮೆಲ್ಲಗೆ ತಿರುಗಿತು. ಬಂದ ದಿಕ್ಕಿಗೇ ಹರಿಯಿತು. ಹರಿಗೋಲನ್ನು ಅಂಗೈಯಲ್ಲಿ ಹಿಡಿದಂತೆ ತಂದು ಹುಲಿಯ ಮುಂದೆ ನಿಲ್ಲಿಸಿತು. ಬೆಳ್ಳವ್ವ ನೀರಿಗೆ ಕೈಮುಗಿದಳು.

ಜಿಂಕೆಯನ್ನು ಎತ್ತರದ ಕಲ್ಲಿನ ಮೇಲೆ ನಿಲ್ಲಿಸಿ ಹುಲಿಯನ್ನು ಒಯ್ದಳು. ಹೊತ್ತು ಮುಳುಗುವ ಮುಂಚೆ ಬಂದು ಜಿಂಕೆಯನ್ನೂ ಒಯ್ದಳು. ಜಿಂಕೆ ಓಡಿ ಬಯಲು ಸೇರುವವರೆಗೆ ಹುಲಿಯ ಕಿವಿ ಹಿಡಿದೇ ಕೂತಿದ್ದಳಂತೆ.

ಅದಕ್ಕೇ ಪುಟ್ಟಾ, ಇವತ್ತಿಗೂ ನೀನು ಹೊಳೆಯಂಚಿನಲ್ಲಿ ಒಂದು ಎಲೆ ತೇಲಿಬಿಟ್ಟು ನೋಡು, ನಡುನೀರು ಕಡಲಿಗೆ ಓಡುತ್ತಿದ್ದರೂ ದಡದ ನೀರು ಅದನ್ನು ಮೆಲ್ಲಗೆ ತಿರುಗಿಸಿ, ಬೆಟ್ಟದ ಕಡೆಗೆ ನಾಲ್ಕು ಹೆಜ್ಜೆ ಕರೆದುಕೊಂಡು ಹೋಗುತ್ತದೆ.